ಅಕ್ಕನಿಗಿಲ್ಲದ ಶುಗರ್ ನನಗೇಕೆ ಬಂತು?

ತಿಪಟೂರಿನ ಓದುಗರೊಬ್ಬರು ಹೆಸರು ಬೇಡ ಎಂದು ಬರೆದಿದ್ದಾರೆ: "ನನಗೆ 34 ವರ್ಷ. ಹೋದ ವರ್ಷ ಶುಗರ್ ಇದೆ ಎಂದು ಗೊತ್ತಾಯಿತು. ಅಮ್ಮನಿಗೂ ಇದೆ, ನಾನು ಹೊಟ್ಟೆಯಲ್ಲಿರುವ ಮೊದಲೇ ಬಂದಿತ್ತಂತೆ. ಏಳು ವರ್ಷ ದೊಡ್ಡವಳಾದ ಅಕ್ಕನಿಗೆ ಇಲ್ಲ. ‘ನಿಮ್ಮ ವಂಶದ ರೋಗ ನಮ್ಮ ಮನೆಗೂ ಬಂತು’ ಎನ್ನುತ್ತಾರೆ ಅತ್ತೆ. ಒಂದೂವರೆ ವರ್ಷದ ಮಗಳು ಹುಟ್ಟಿದಾಗ 2.3 ಕೆಜಿ ಇದ್ದಳು. ಸಣ್ಣಗಿದ್ದಾಳೆ ಎಂದು ಎಲ್ಲರೂ ಹಾಲಿಗೆ ಸಕ್ಕರೆ ಹಾಕಿ ಕುಡಿಸುತ್ತಾರೆ, ಬಿಸ್ಕತ್ತು ತಿನ್ನಿಸುತ್ತಾರೆ. ಇವಳಿಗೂ ಬಂದೇ ಬರುತ್ತದಾ?"

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯ ಮಾತು ಎಷ್ಟು ಚುಚ್ಚಿದೆ ಎಂದು ಗೊತ್ತಾಗುತ್ತದೆ. ನೀವು ಯಾವ ತಪ್ಪೂ ಮಾಡಿಲ್ಲ. ನಿಮ್ಮ ಅಮ್ಮನೂ ಮಾಡಿಲ್ಲ.

ವಂಶದ ಪಾಲು ಇದೆ, ನಿಜ. ಆದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಯನ್ನು ತರುವ ಒಂದೇ ಜೀನ್ ಅಂತ ಇಲ್ಲ. ನೂರಾರು ಜೀನ್‌ಗಳು ಚೂರುಚೂರಾಗಿ ಅಪಾಯ ಕೂಡಿಸುತ್ತವೆ. ಅವುಗಳಲ್ಲಿ ಜೋರಾದ ಒಂದನ್ನು ಐಸ್‌ಲ್ಯಾಂಡಿನ ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಅದು ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದಿದ್ದರೂ ಅಪಾಯ ಏರುವುದು ಸುಮಾರು ಒಂದೂವರೆ ಪಟ್ಟು. ಅಷ್ಟೇ. ಬಂದೇ ಬರುತ್ತದೆ ಎಂದಲ್ಲ.

ನಿಮ್ಮ ಅಕ್ಕನ ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಅರಿಜೋನಾದಲ್ಲಿ ಪೀಮಾ ಎಂಬ ಮೂಲನಿವಾಸಿಗಳಿದ್ದಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ ಜಾಸ್ತಿ. ಅಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿ ನೋಡಿದರು. ಕೆಲವರು ತಾಯಿಗೆ ಶುಗರ್ ಬರುವ ಮೊದಲು ಹುಟ್ಟಿದವರು, ಕೆಲವರು ಬಂದ ಮೇಲೆ ಹುಟ್ಟಿದವರು. ನಂತರ ಹುಟ್ಟಿದವರಲ್ಲಿ ಕಾಯಿಲೆಯ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚಿತ್ತು. ಅಪ್ಪನಿಗೆ ಶುಗರ್ ಇದ್ದಾಗ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ವಂಶ ಒಂದೇ, ಹೊಟ್ಟೆಯೊಳಗಿನ ಪರಿಸ್ಥಿತಿ ಬೇರೆ. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಅದನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಇನ್ಸುಲಿನ್ ತಯಾರಿಸುವ ಆ ಪುಟ್ಟ ಮೇದೋಜೀರಕ ಮಗು ಹುಟ್ಟುವ ಮೊದಲೇ ದುಪ್ಪಟ್ಟು ದುಡಿಯಬೇಕಾಗುತ್ತದೆ. ನಿಮ್ಮ ಕಥೆಯೂ ಇದೇ ಇರಬಹುದು.

ಮೈಸೂರಿನಲ್ಲೂ ಇದರ ಸುಳಿವು ಸಿಕ್ಕಿದೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟು ಆ ಪುಸ್ತಕಗಳನ್ನು ಕಾಪಾಡಿದ್ದರು. 1934ರಿಂದ 1953ರ ನಡುವೆ ಅಲ್ಲಿ ಹುಟ್ಟಿದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಮುಂದೆ ಶುಗರ್ ಜಾಸ್ತಿ ಎಂದು ಕಂಡಿತ್ತು. ಮೈಸೂರಿನಲ್ಲಿ ಹುಟ್ಟಿದಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಜಾಸ್ತಿ ಕಂಡಿತು. ಆ ತಾಯಂದಿರಲ್ಲಿ ಕೆಲವರಿಗೆ ಬಸುರಿನಲ್ಲಿ ಶುಗರ್ ಇದ್ದು, ಯಾರಿಗೂ ಗೊತ್ತಾಗದೆ ಹೋಗಿರಬಹುದು ಎಂಬುದು ಸಂಶೋಧಕರ ಊಹೆ. ಆ ದಾದಿಯರು ಅಷ್ಟು ಶ್ರದ್ಧೆಯಿಂದ ಬರೆದಿಡದಿದ್ದರೆ ಇದೆಲ್ಲ ನಮಗೆ ತಿಳಿಯುತ್ತಲೇ ಇರಲಿಲ್ಲ, ಅಲ್ವಾ?

ಈಗ ನಿಮ್ಮ ಮಗಳು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಹಳ್ಳಿಯ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿತ್ತು. ನಮ್ಮವು ಸರಾಸರಿ 2.7 ಕೆಜಿ, ಅಲ್ಲಿಯವು 3.5. ನಮ್ಮ ಕೂಸುಗಳಲ್ಲಿ ಮಾಂಸಖಂಡ ತೀರಾ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಇಂಥ ಮಗುವಿಗೆ ಸುಮ್ನೆ ಸಿಹಿ ತುರುಕಿದರೆ ಬೆಳೆಯುವುದು ಕೊಬ್ಬೇ. ದೆಹಲಿಯಲ್ಲಿ ಹುಟ್ಟಿನಿಂದ ಯೌವನದವರೆಗೆ ಅಳೆದು ನೋಡಿದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗ ಮೈ ತುಂಬಿಕೊಳ್ಳುತ್ತಾ ಹೋದವರಲ್ಲೇ ಮುಂದೆ ರಕ್ತದ ಸಕ್ಕರೆ ಏರಿದ್ದು ಹೆಚ್ಚು. ಹಾಗಂತ ಮಗುವನ್ನು ಅರೆಹೊಟ್ಟೆಯಲ್ಲಿ ಇಡಬೇಡಿ. ಬೇಳೆ, ಮೊಟ್ಟೆ, ಮೊಸರು, ರಾಗಿ, ಸೊಪ್ಪು ಕೊಡಿ. ಓಡಾಡಿ ಆಡಲು ಬಿಡಿ.

ಹಾಲಿನ ಸಕ್ಕರೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಮಹಾಯುದ್ಧದ ಕಾಲದಲ್ಲಿ ಶುರುವಾದ ಬ್ರಿಟನ್ನಿನ ಸಕ್ಕರೆ ರೇಷನ್ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಬಸುರಿನಿಂದ ಎರಡು ವರ್ಷದವರೆಗೆ ಆ ರೇಷನ್ ಕಾಲದಲ್ಲಿ ಬೆಳೆದವರಿಗೆ, ಅದು ಮುಗಿದ ಮೇಲೆ ಹುಟ್ಟಿದವರಿಗಿಂತ ಸಕ್ಕರೆ ಕಾಯಿಲೆಯ ಅಪಾಯ ಸುಮಾರು 35 ಶೇಕಡಾ ಕಡಿಮೆ ಎಂದು 2024ರಲ್ಲಿ ಪ್ರಕಟವಾಯಿತು. ರೇಷನ್ ಕಾಲದವರಲ್ಲಿ ಕಾಯಿಲೆ ಬಂದವರಿಗೂ ಅದು ಸುಮಾರು ನಾಲ್ಕು ವರ್ಷ ತಡವಾಗಿ ಬಂತು. ಇದನ್ನು ಅತ್ತೆಗೆ ಓದಿ ಹೇಳಿ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಅವರು ಸಿಹಿ ಕೊಡುವುದು. ಆ ಪ್ರೀತಿಯಿಂದಲೇ ಬಿಡಲೂ ಒಪ್ಪುತ್ತಾರೆ.

ಇನ್ನೊಂದು ಮಗು ಬೇಕೆನಿಸಿದರೆ ಮೊದಲೇ ಡಾಕ್ಟರ್ ಹತ್ತಿರ ಹೋಗಿ. ಶುಗರ್ ಹಿಡಿತಕ್ಕೆ ಬಂದ ಮೇಲೆ ಬಸುರಾಗಿ. ಬಸುರು ಗೊತ್ತಾದ ಮೇಲೆ ಹತೋಟಿ ಶುರು ಮಾಡಿದರೆ ತಡವಾಗುತ್ತದೆ, ಮಗುವಿನ ಅಂಗಗಳು ಮೊದಲ ವಾರಗಳಲ್ಲೇ ರೂಪುಗೊಳ್ಳುತ್ತವೆ. ಇದನ್ನು ಗಂಡನಿಗೂ ತಿಳಿಸಿ, ನೀವೊಬ್ಬರೇ ಹೊರುವ ಭಾರ ಇದಲ್ಲ.

ಹಾಗೇ ಅಕ್ಕನಿಗೂ ಒಂದು ಮಾತು ಹೇಳಿ. ಅವರಿಗೀಗ 41. ನಿಮ್ಮ ಅಮ್ಮನ ಜೀನ್‌ಗಳು ಅವರಲ್ಲೂ ಇವೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

– ಸಂಪಾದಕ