ಅಪ್ಪ-ಅಮ್ಮನ ಜೊತೆ ಧರ್ಮಶಾಲಾ: ದೇವಸ್ಥಾನಕ್ಕೆ ಎರಡು ದಿನ, ಬೆಟ್ಟಕ್ಕೆ ಎರಡು ದಿನ ಅಂತ ಹಂಚಬೇಡಿ

ಅಪ್ಪ-ಅಮ್ಮ ಇಬ್ಬರಿಗೂ ಅರವತ್ತು ದಾಟಿದೆ, ಅವರಿಗೆ ಜ್ವಾಲಾಮುಖಿ ದೇವಿಯ ದರ್ಶನ ಆಗಲೇಬೇಕು, ನಿಮಗೆ ಹಿಮದ ಬೆಟ್ಟ, ಜಲಪಾತ ನೋಡಬೇಕು, ಅದಕ್ಕೆ ಧರ್ಮಶಾಲಾದ ಮೇಲ್ಭಾಗದ ಮೆಕ್ಲಿಯೋಡ್ ಗಂಜ್‌ನಲ್ಲಿ ರೂಮ್ ಮಾಡಿ ಎರಡು ದಿನ ದೇವಸ್ಥಾನ, ಎರಡು ದಿನ ಪ್ರಕೃತಿ ಅಂತ ಇಟ್ಟುಕೊಂಡರೆ ಸಾಕಾ ಅಂತ ಕೇಳಿದ್ದೀರಿ. ನಾನು ಆ ಕಡೆ ಸಾಕಷ್ಟು ಓಡಾಡಿದ್ದೇನೆ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿದ್ದೇನೆ. ದಯವಿಟ್ಟು ಹಾಗೆ ಹಂಚಬೇಡಿ. ಧರ್ಮಶಾಲಾ ಇರುವ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಎರಡೂ ಒಂದೇ ಜಾಗದಲ್ಲಿ ಸಿಗುತ್ತವೆ. ಒಂದು ಕಡೆ ಬಂಡೆಯ ಬಿರುಕಿನಿಂದ ಬರುವ ಬೆಂಕಿಯೇ ದೇವಿ, ಇನ್ನೊಂದು ಕಡೆ ಗುಡ್ಡವನ್ನೇ ಕಡಿದು ಗುಡಿ ಮಾಡಿದ್ದಾರೆ, ಮತ್ತೊಂದು ಕಡೆ ಹೊಳೆ ದಂಡೆಯಲ್ಲೇ ಚಾಮುಂಡಿ ಕೂತಿದ್ದಾಳೆ. ಮೋಡ ಇಲ್ಲದ ದಿನವಾದರೆ ಹೋದಲ್ಲೆಲ್ಲಾ ಉತ್ತರಕ್ಕೆ ಧೌಲಾಧಾರ್ ಹಿಮಬೆಟ್ಟಗಳ ಸಾಲು ಕಾಣುತ್ತಲೇ ಇರುತ್ತದೆ.

ಮೊದಲು ಉಳಿಯುವ ವಿಷಯ. ಪೂರ್ತಿ ಮೆಕ್ಲಿಯೋಡ್ ಗಂಜ್‌ನಲ್ಲೇ ರೂಮ್ ಬೇಡ. ಅದು ಮೇಲೆ ಇದೆ, ದೇವಸ್ಥಾನಗಳೆಲ್ಲಾ ಕೆಳಗೆ. ದಿನಾ ಆ ಕಿರಿದಾದ ರಸ್ತೆಯಲ್ಲಿ ಇಳಿದು ಹತ್ತುವುದರಲ್ಲೇ ವಯಸ್ಸಾದವರಿಗೆ ಸುಸ್ತಾಗುತ್ತದೆ, ರಜಾ ದಿನವಾದರೆ ಟ್ರಾಫಿಕ್ ಬೇರೆ. ಮೊದಲು ಕಾಂಗ್ರಾ ಊರಲ್ಲೋ ಕೆಳಗಿನ ಧರ್ಮಶಾಲಾದಲ್ಲೋ ಉಳಿದು, ಆಮೇಲೆ ಪಾಲಂಪುರದ ಕಡೆ ಹೋಗಿ, ಕೊನೆಗೆ ಮೆಕ್ಲಿಯೋಡ್ ಗಂಜ್ ಇಟ್ಟುಕೊಳ್ಳಿ.

ಜ್ವಾಲಾಮುಖಿ ಕಾಂಗ್ರಾದಿಂದ ಸುಮಾರು 35 ಕಿ.ಮೀ. ಬೆಳಿಗ್ಗೆ ಬೇಗ ಹೊರಡಿ. ಸತಿಯ ನಾಲಿಗೆ ಬಿದ್ದ ಜಾಗ ಅಂತ ನಂಬಿಕೆ. ಗರ್ಭಗುಡಿಯಲ್ಲಿ ವಿಗ್ರಹ ಇಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಯಾಕೆಂದರೆ ದೊಡ್ಡ ಜ್ವಾಲೆ ಇರುತ್ತದೆ ಅಂದುಕೊಂಡು ಹೋದವರು ಒಳಗೆ ಹೋಗಿ ಎಲ್ಲಿ, ಎಲ್ಲಿ ಅಂತ ಹುಡುಕುತ್ತಾರೆ. ಗೋಡೆಯ ಸಂದಿನಲ್ಲಿ, ನಡುವಿನ ಕುಂಡದಲ್ಲಿ ಪುಟ್ಟ ಪುಟ್ಟ ಉರಿ. ಬುಡದಲ್ಲಿ ನೀಲಿ, ತುದಿಯಲ್ಲಿ ಹಳದಿ. ಎಣ್ಣೆ ಇಲ್ಲ, ಬತ್ತಿ ಇಲ್ಲ, ಜನ ಹತ್ತಿರ ಬಂದಾಗ ಗಾಳಿಗೆ ಸ್ವಲ್ಪ ವಾಲಿ ಮತ್ತೆ ನೆಟ್ಟಗಾಗುತ್ತದೆ. ಒಂಬತ್ತು ಜ್ಯೋತಿ, ಒಂದೊಂದಕ್ಕೂ ಮಹಾಕಾಳಿ, ಅನ್ನಪೂರ್ಣೆ, ಹಿಂಗ್ಲಾಜ್ ಹೀಗೆ ದೇವಿಯ ಒಂದೊಂದು ಹೆಸರು. ನೆಲದೊಳಗಿನ ಅನಿಲ ಬಿರುಕಿನಿಂದ ಹೊರಗೆ ಬಂದು ಉರಿಯುತ್ತದೆ, ಇದೇ ಕಾರಣಕ್ಕೆ 1950ರ ದಶಕದಲ್ಲಿ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿಯವರು ಈ ಊರಿನ ಹತ್ತಿರ ಬಾವಿ ಕೊರೆದು ಹುಡುಕಿದ್ದರು. ಅಪ್ಪನಿಗೆ ಇಂಥ ವಿಷಯ ಇಷ್ಟವಾದರೆ ಹೇಳಿ. ನನಗಂತೂ ಕಾರಣ ಗೊತ್ತಿದ್ದರೂ ಅಲ್ಲಿ ಕೈ ತಾನಾಗಿ ಮುಗಿಯಿತು, ಒಂದಕ್ಕೊಂದು ಅಡ್ಡಿ ಬರಲಿಲ್ಲ. ಅಲ್ಲೇ ಮೇಲೆ ಗೋರಖ್ ಡಿಬ್ಬಿ ಅಂತ ಸಣ್ಣ ಕುಂಡ ಇದೆ, ನೀರು ಕುದಿಯುವ ಹಾಗೆ ಗುಳುಗುಳು ಅನ್ನುತ್ತದೆ, ಮುಟ್ಟಿದರೆ ತಣ್ಣಗೆ. ಅದನ್ನು ಬಿಟ್ಟು ಬರಬೇಡಿ. ನವರಾತ್ರಿ ಸಮಯದಲ್ಲಿ ಮಾತ್ರ ಹಿರಿಯರನ್ನು ಕರೆದುಕೊಂಡು ಹೋಗಬೇಡಿ, ಸರದಿ ವಿಪರೀತ ಉದ್ದ.

ಕಾಂಗ್ರಾ ಊರಲ್ಲಿ ಬ್ರಜೇಶ್ವರಿ ದೇವಸ್ಥಾನ ಮತ್ತು ಕೋಟೆ. ದೇವಸ್ಥಾನದ ಸಂಪತ್ತನ್ನು 1009ರಲ್ಲಿ ಘಜ್ನಿ ಮಹಮದ್ ದೋಚಿದ್ದ. ಈಗ ಕಾಣುವ ಕಟ್ಟಡ ಹಳೆಯದಲ್ಲ, ಏಕೆಂದರೆ 1905ರ ಏಪ್ರಿಲ್ 4ರ ಬೆಳಗಿನ ಭೂಕಂಪದಲ್ಲಿ ಗುಡಿ, ಕೋಟೆ, ಊರು ಎಲ್ಲಾ ಒಟ್ಟಿಗೆ ಕುಸಿದವು, ಸುಮಾರು 20,000 ಜನ ಸತ್ತರು. ಈ ಕಣಿವೆಯಲ್ಲಿ ಯಾವ ಕಲ್ಲು ನೋಡಿದರೂ 1905ಕ್ಕೆ ಮುಂಚೆಯದಾ ಆಮೇಲಿನದಾ ಅಂತ ಕೇಳುವ ಅಭ್ಯಾಸ ನನಗೆ ಬಂದುಬಿಟ್ಟಿದೆ. ಇಲ್ಲಿ ದೇವಿ ಪಿಂಡಿ, ಅಂದರೆ ದುಂಡು ಕಲ್ಲಿನ ರೂಪದಲ್ಲಿದ್ದಾಳೆ. ಮಕರ ಸಂಕ್ರಾಂತಿಗೆ ಹೋಗುವುದಾದರೆ ಪಿಂಡಿಗೆ ರಾಶಿ ಬೆಣ್ಣೆ ಮೆತ್ತಿರುವುದನ್ನು ನೋಡಬಹುದು, ನಮ್ಮಲ್ಲಿ ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡುತ್ತಾರಲ್ಲ, ಹಾಗೆ. ಒಂದು ವಾರ ಬಿಟ್ಟು ತೆಗೆದು ಹಂಚುತ್ತಾರೆ. ತಿನ್ನುವುದಿಲ್ಲ, ಚರ್ಮದ ತೊಂದರೆಗೆ ಹಚ್ಚಿಕೊಳ್ಳುತ್ತಾರೆ. ಕೋಟೆಯಲ್ಲಿ ಹತ್ತುವುದು ಜಾಸ್ತಿ ಇದೆ, ಅಪ್ಪ-ಅಮ್ಮ ಅರ್ಧದಲ್ಲೇ ಕೂತರೂ ಪರವಾಗಿಲ್ಲ, ಕೆಳಗಿನ ಹೊಳೆ ಅಲ್ಲಿಂದಲೇ ಕಾಣುತ್ತದೆ.

ಯಾರೂ ನಿಮಗೆ ಒತ್ತಾಯ ಮಾಡದ, ಆದರೆ ನಾನು ಮಾಡುವ ಜಾಗ ಮಸ್ರೂರ್. ಕಾಂಗ್ರಾದಿಂದ ಕಾರಲ್ಲಿ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. 8ನೇ ಶತಮಾನದಲ್ಲಿ ಮರಳುಗಲ್ಲಿನ ಗುಡ್ಡವನ್ನೇ ಮೇಲಿನಿಂದ ಕಡಿದು ಶಿಖರಗಳ ಗುಂಪು ಮಾಡಿದ್ದಾರೆ, ಎದುರಿಗೆ ಕೊಳ. ನಮ್ಮ ರಾಷ್ಟ್ರಕೂಟರು ಎಲ್ಲೋರದಲ್ಲಿ ಕೈಲಾಸ ಕಡಿಸುತ್ತಿದ್ದ ಶತಮಾನವೇ ಅದು. ಅಷ್ಟು ದೊಡ್ಡದಲ್ಲ, ಕೆಲಸ ಪೂರ್ತಿಯೂ ಆಗಿಲ್ಲ, ಭೂಕಂಪಕ್ಕೆ ಸಾಕಷ್ಟು ಉದುರಿಯೂ ಹೋಗಿದೆ. ಆದರೂ ಗುಡಿಯ ಮುಖ ಈಶಾನ್ಯಕ್ಕೆ, ಅಂದರೆ ನೇರ ಧೌಲಾಧಾರ್ ಕಡೆಗೆ ಇದೆ. ಎಲ್ಲಿ ನಿಂತರೆ ಹಿಮದ ಬೆಟ್ಟ ಚೆನ್ನಾಗಿ ಕಾಣುತ್ತದೆ ಅಂತ ಆ ಶಿಲ್ಪಿಗಳು ನಮಗಿಂತ ಮೊದಲೇ ನೋಡಿಟ್ಟಿದ್ದರು ಅನ್ನಿಸುತ್ತದೆ. ಜನವೂ ಕಡಿಮೆ. ನೀವು ಕೇಳಿದ ಪ್ರಕೃತಿ, ಅಮ್ಮ ಕೇಳಿದ ದೇವಸ್ಥಾನ, ಎರಡೂ ಇಲ್ಲೇ ಆಯ್ತಲ್ವಾ?

ಪಾಲಂಪುರಕ್ಕೆ ಹೋಗುವಾಗ ಚಾಮುಂಡಾ ದೇವಿ ದಾರಿಯಲ್ಲೇ ಸಿಗುತ್ತದೆ, ಧರ್ಮಶಾಲಾದಿಂದ 15 ಕಿ.ಮೀ. ಆಸುಪಾಸು. ಚಂಡ-ಮುಂಡರನ್ನು ಕೊಂದವಳು, ಮೈಸೂರು ಕಡೆಯವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಗುಡಿಯ ಪಕ್ಕ ಹೊಳೆ, ದುಂಡು ಕಲ್ಲುಗಳ ಮೇಲೆ ಹರಿಯುವ ತಿಳಿ ನೀರು. ದರ್ಶನ ಮುಗಿಸಿ ಅಲ್ಲೇ ಸ್ವಲ್ಪ ಹೊತ್ತು ಕೂರಿ.

ಪಾಲಂಪುರದಲ್ಲಿ ಟೀ ತೋಟ ಇವೆ, ಹಿಂದೆ ಬ್ರಿಟಿಷರದ್ದು, ಭೂಕಂಪ ಆದ ಮೇಲೆ ಹೆಚ್ಚಿನವರು ಮಾರಿ ಹೋದರು. ನ್ಯೂಗಲ್ ಹೊಳೆಯ ದಂಡೆಗೆ ಸೌರಭ್ ವನ ವಿಹಾರ್ ಇದೆ, ಕಾರ್ಗಿಲ್‌ನಲ್ಲಿ ಪ್ರಾಣ ಕೊಟ್ಟ ಇದೇ ಊರಿನ ಕ್ಯಾಪ್ಟನ್ ಸೌರಭ್ ಕಾಲಿಯಾ ಹೆಸರಿನದು. ಹಿರಿಯರು ಆರಾಮಾಗಿ ನಡೆಯಬಹುದು. ಅಲ್ಲಿಂದ 16 ಕಿ.ಮೀ. ಹೋದರೆ ಬೈಜನಾಥ. 1204ರಲ್ಲಿ ಅಹುಕ, ಮನ್ಯುಕ ಅನ್ನುವ ಇಬ್ಬರು ವ್ಯಾಪಾರಿ ಅಣ್ಣತಮ್ಮಂದಿರು ಕಟ್ಟಿಸಿದ ಶಿವಾಲಯ, ಶಾಸನ ಈಗಲೂ ಒಳಗೆ ಇದೆ. ಭೂಕಂಪದಲ್ಲಿ ಪೆಟ್ಟು ತಿಂದರೂ ಬೀಳಲಿಲ್ಲ. ರಾವಣ ಇಲ್ಲಿ ಶಿವನನ್ನು ಪೂಜಿಸಿದ್ದ ಅಂತ ನಂಬಿಕೆ, ಅದಕ್ಕೇ ಈ ಊರಲ್ಲಿ ದಸರಾಕ್ಕೆ ರಾವಣನನ್ನು ಸುಡುವುದಿಲ್ಲ. ಸಂಜೆ ಹೋಗಿ, ಹೊರಗೋಡೆಯ ಕೆತ್ತನೆ ಆ ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನು ಮೆಕ್ಲಿಯೋಡ್ ಗಂಜ್. ಭಾಗ್ಸುನಾಗ್ ಶಿವ ದೇವಸ್ಥಾನ, ಪಕ್ಕದಲ್ಲಿ ಬುಗ್ಗೆ ನೀರಿನ ಕೊಳ, ಮೇಲೆ ಜಲಪಾತ. ಜಲಪಾತದ ದಾರಿ ಮೆಟ್ಟಿಲು ಮೆಟ್ಟಿಲು, ಅಮ್ಮನಿಗೆ ಮಂಡಿನೋವು ಇದ್ದರೆ ಗುಡಿಯ ಹತ್ತಿರವೇ ಕೂರಲಿ. ತ್ರಿಯುಂಡ್ ಬೆಟ್ಟದ ಚಾರಣಕ್ಕೆ ನೀವೊಬ್ಬರೇ ಹೋಗಿ, ಸುಮಾರು 2,850 ಮೀಟರ್ ಎತ್ತರ, ಗಲ್ಲು ದೇವಿ ಗುಡಿಯಿಂದ ಹತ್ತಿದರೆ ದೂರ ಕಡಿಮೆ. ಅಪ್ಪ-ಅಮ್ಮನಿಗೆ ಅಷ್ಟು ಹೊತ್ತು ಹತ್ತಿರದ ನಡ್ಡಿ ಹಳ್ಳಿಯಲ್ಲಿ ಬೆಟ್ಟದ ಎದುರು ಬಿಸಿಲು ಕಾಯಿಸಿಕೊಂಡು ಕೂರುವುದೇ ಸುಖ. ದಲೈ ಲಾಮಾ ಇರುವುದೂ ಈ ಊರಲ್ಲೇ, ಟಿಬೆಟಿಯನ್ನರ ಅಂಗಡಿಯಲ್ಲಿ ಕರ್ನಾಟಕ ಅಂದರೆ ಬೈಲಕುಪ್ಪೆ, ಮುಂಡಗೋಡದ ಮಾತು ತಾನಾಗಿ ಬರುತ್ತದೆ.

ಊಟದ ಚಿಂತೆ ಬೇಡ. ಎಲ್ಲಾದರೂ ಕಾಂಗ್ರಾ ಧಾಮ್ ಸಿಕ್ಕರೆ ಬಿಡಬೇಡಿ: ಸಾಲಾಗಿ ಕೂರಿಸಿ ಎಲೆಯಲ್ಲಿ ಅನ್ನ, ಮೊಸರಲ್ಲಿ ಬೇಯಿಸಿದ ಕಡಲೆಯ ಮದ್ರಾ, ಉದ್ದಿನ ಬೇಳೆ, ಹುಳಿ-ಸಿಹಿಯ ಖಟ್ಟಾ ಒಂದಾದ ಮೇಲೊಂದು ಬಡಿಸುತ್ತಾರೆ. ನಮ್ಮ ಮದುವೆ ಮನೆಯ ಪಂಕ್ತಿ ಗೊತ್ತಿದ್ದವರಿಗೆ ಏನೂ ಹೊಸದಲ್ಲ.

ಅಕ್ಟೋಬರ್ ಕೊನೆಯಿಂದ ನವೆಂಬರ್, ಇಲ್ಲಾಂದ್ರೆ ಮಾರ್ಚ್-ಏಪ್ರಿಲ್, ಈ ಎರಡರಲ್ಲಿ ಒಂದು ನೋಡಿಕೊಳ್ಳಿ. ಚೈತ್ರ ನವರಾತ್ರಿಯ ದಿನ ಮಾತ್ರ ತಪ್ಪಿಸಿ. ಜುಲೈ, ಆಗಸ್ಟ್ ಖಂಡಿತ ಬೇಡ, ಧರ್ಮಶಾಲಾದಲ್ಲಿ ಮಳೆ ಜೋರು, 2021ರ ಜುಲೈನಲ್ಲಿ ಭಾಗ್ಸುನಾಗ್‌ನಲ್ಲಿ ದಿಢೀರ್ ಪ್ರವಾಹ ಬಂದು ಕಾರುಗಳೇ ಕೊಚ್ಚಿಹೋಗಿದ್ದವು. ಬೆಂಗಳೂರಿಂದ ದೆಹಲಿಗೆ ಹೋಗಿ ಅಲ್ಲಿಂದ ಕಾಂಗ್ರಾದ ವಿಮಾನ ನಿಲ್ದಾಣ ಗಗ್ಗಲ್‌ಗೆ ವಿಮಾನ ಹಿಡಿಯಬಹುದು, ಆದರೆ ಹವಾಮಾನ ಕೆಟ್ಟರೆ ರದ್ದಾಗುತ್ತದೆ, ವಾಪಸ್ ಬರುವಾಗ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ನನ್ನ ಆಯ್ಕೆ ಪಠಾಣ್‌ಕೋಟ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಕಣಿವೆಯೊಳಗೆ 164 ಕಿ.ಮೀ. ಉದ್ದದ ಪುಟ್ಟ ರೈಲು ಮಾರ್ಗವೂ ಇದೆ, 1929ರ ಹೊತ್ತಿಗೆ ಜೋಗಿಂದರ್‌ನಗರ ಮುಟ್ಟಿದ್ದು. ಆದರೆ 2022ರ ಆಗಸ್ಟ್‌ನಲ್ಲಿ ಚಕ್ಕಿ ಹೊಳೆಯ ಸೇತುವೆ ಬಿದ್ದು ಓಡಾಟ ಕೆಟ್ಟಿತ್ತು, ಆದ್ದರಿಂದ ಅದನ್ನೇ ನಂಬಿಕೊಂಡು ಪ್ಲಾನ್ ಮಾಡಬೇಡಿ. ಹೊರಡುವ ವಾರ ವಿಚಾರಿಸಿ, ಓಡುತ್ತಿದ್ದರೆ ಪಾಲಂಪುರದಿಂದ ಬೈಜನಾಥಕ್ಕೆ ಅಷ್ಟು ದೂರವಾದರೂ ಅದರಲ್ಲೇ ಹೋಗಿ.