ಓದುಗರ ಪ್ರಶ್ನೆ: ಬೋರ್ಡೊದ ಬಿಳಿ ವೈನ್, ಎರಡು ದ್ರಾಕ್ಷಿಯ ಜೋಡಿ

ಪ್ರಶ್ನೆ: ನೆಂಟರೊಬ್ಬರು ಫ್ರಾನ್ಸಿನಿಂದ ಬೋರ್ಡೊದ ಬಿಳಿ ವೈನ್ ತಂದುಕೊಟ್ಟರು. ಬಾಟಲಿಯ ಹಿಂದಿನ ಚೀಟಿಯಲ್ಲಿ ಸೊವಿನ್ಯಾನ್ ಬ್ಲಾಂಕ್, ಸೆಮಿಯೋನ್ ಎಂದು ಎರಡು ದ್ರಾಕ್ಷಿಗಳ ಹೆಸರಿದೆ. ಒಂದೇ ದ್ರಾಕ್ಷಿಯ ವೈನೇ ಶ್ರೇಷ್ಠ, ಬೆರೆಸಿದ್ದೆಂದರೆ ಮಿಕ್ಕಿದ್ದನ್ನೆಲ್ಲ ಸೇರಿಸಿದ್ದು ಎನ್ನುತ್ತಾನೆ ನನ್ನ ಗೆಳೆಯ. ನಿಜವೇ?

ಉತ್ತರ: ಖಂಡಿತ ಅಲ್ಲ. ಬೋರ್ಡೊದಲ್ಲಿ ಕೆಂಪಿರಲಿ, ಬಿಳಿಯಿರಲಿ, ಬೆರೆಸುವುದೇ ರೂಢಿ. ಡೊಮೇನ್ ದ ಶೆವಾಲಿಯೆ ಎಂಬ ತೋಟ, ಬೋರ್ಡೊದ ಗ್ರಾವ್ ಸೀಮೆಯ ಶ್ರೇಷ್ಠ ತೋಟಗಳನ್ನು ಹೆಸರಿಸಿದ 1959ರ ವರ್ಗೀಕರಣದಲ್ಲಿ ಬಿಳಿ ವೈನಿಗೂ ಸ್ಥಾನ ಪಡೆದದ್ದು. ಅದರ ಬಿಳಿ ವೈನ್ ಈ ಎರಡೇ ದ್ರಾಕ್ಷಿಗಳ ಜೋಡಿ. ಮಿಕ್ಕಿದ್ದನ್ನು ಸೇರಿಸಿ ಅಂಥದ್ದನ್ನು ಮಾಡಲಾಗದು.

ಸೊವಿನ್ಯಾನಿನಲ್ಲಿ ಹುಳಿಯಿದೆ, ಘಮವಿದೆ, ಚುರುಕಿದೆ. ಆದರೆ ಬಾಯಲ್ಲಿ ಬೇಗ ಮುಗಿದುಹೋಗುತ್ತದೆ. ಸೆಮಿಯೋನಿಗೆ ಎಳೆಯದರಲ್ಲಿ ಹೆಚ್ಚು ಪರಿಮಳವಿಲ್ಲ, ಹುಳಿಯೂ ಕಡಿಮೆ. ಅದರ ಗುಣವೆಲ್ಲ ತುಂಬಿದ ಮೈಯಲ್ಲಿ, ಮೇಣದಂಥ ನುಣುಪಿನಲ್ಲಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೆಲವರು ಮಸ್ಕಡೆಲ್ ಎಂಬ ಮೂರನೆಯದನ್ನೂ ಚೂರು ಸೇರಿಸುತ್ತಾರೆ, ಹೂವಿನ ವಾಸನೆಗೆ. ಅದಿಲ್ಲದಿದ್ದರೆ ನನಗೇನೂ ಕಡಿಮೆಯೆನಿಸುವುದಿಲ್ಲ.

ಎರಡನ್ನೂ ಬೇರೆಬೇರೆಯಾಗಿ ಕೊಯ್ದು, ಬೇರೆಬೇರೆಯಾಗಿಯೇ ಹುದುಗಿಸುತ್ತಾರೆ. ಸಾಮಾನ್ಯವಾಗಿ ಸೊವಿನ್ಯಾನ್ ಮೊದಲು ಹಣ್ಣಾಗುತ್ತದೆ. ಸೆಮಿಯೋನಿನ ಸಿಪ್ಪೆ ತೆಳು, ಬೂಷ್ಟು ಬೇಗ ಹತ್ತುತ್ತದೆ. ಗರೋನ್ ನದಿಯ ಪಕ್ಕದ ಸೋಟರ್ನಿನಲ್ಲಿ ಶರತ್ಕಾಲದ ಮಂಜಿನಲ್ಲಿ ಬರುವ ಆ ಬೂಷ್ಟನ್ನೇ ಕಾದು ಸಿಹಿ ವೈನ್ ಮಾಡುತ್ತಾರೆ. ಸಿಹಿಯಿಲ್ಲದ ಡ್ರೈ ವೈನಿಗೆ ಮಾತ್ರ ಅದು ಹತ್ತುವ ಮೊದಲೇ ಆರೋಗ್ಯವಾದ ಗೊಂಚಲು ಇಳಿಸಬೇಕು. ಮುಂಜಾನೆಯ ತಂಪಿನಲ್ಲಿ ಕೊಯ್ದು, ಮೆಲ್ಲಗೆ ಹಿಂಡಿ, ರಸ ತಿಳಿಯಾಗಲು ಬಿಟ್ಟು, 16–18 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಉಕ್ಕಿನ ತೊಟ್ಟಿಯಾದರೆ ಹಣ್ಣಿನ ತಾಜಾತನ ಉಳಿಯುತ್ತದೆ. 225 ಲೀಟರಿನ ಓಕ್ ಪೀಪಾಯಿಯಾದರೆ, ತಳದಲ್ಲಿ ಕೂತ ಯೀಸ್ಟಿನ ಮಡ್ಡಿಯನ್ನು ಕೋಲಿನಿಂದ ಆಗಾಗ ಕದಡುತ್ತಾರೆ. ವೈನಿಗೆ ಕೆನೆಯಂಥ ದಪ್ಪ ಬರುವುದು ಅದರಿಂದಲೇ.

ಬೆರೆಸುವ ಕೆಲಸ ಬಹಳ ಕಡೆ ಚಳಿಗಾಲ ಕಳೆದ ಮೇಲೆ. ಅಳತೆ ಗಾಜಿನಲ್ಲಿ 70–30, 60–40, 50–50 ಎಂದು ಮಾದರಿ ಮಾಡಿ ಸಾಲಾಗಿ ಇಡುತ್ತಾರೆ. ಅಂಥ ಮೇಜಿನೆದುರು ನಾನೂ ಕೂತಿದ್ದೇನೆ. ಸೊವಿನ್ಯಾನ್ ಹೆಚ್ಚಿದ್ದ ಮಾದರಿ ಎಲ್ಲರಿಗೂ ಹಿಡಿಸಿತ್ತು. ತೋಟದ ಒಡತಿ ಏನೂ ಹೇಳದೆ ಎಲ್ಲವನ್ನೂ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಮತ್ತೆ ಕೊಟ್ಟರು. ಹಿಂದಿನ ದಿನ ಗೆದ್ದದ್ದರಲ್ಲಿ ಘಮ ಇಳಿದು ಹುಳಿಯೊಂದೇ ಉಳಿದಿತ್ತು. ಸೆಮಿಯೋನ್ ಹೆಚ್ಚಿದ್ದದ್ದು ಹಾಗೇ ಗಟ್ಟಿಯಾಗಿ ನಿಂತಿತ್ತು. ಒಡತಿ ಆರಿಸಿದ್ದು ಅದನ್ನೇ. ಬೆರೆಸುವವರ ವಿವೇಚನೆ ಎಂಥದ್ದೆಂದು ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ಪ್ರಶ್ನೆ: ಇಂಥ ವೈನಿನಲ್ಲಿ ಪ್ಯಾಷನ್ ಫ್ರೂಟ್, ಚಕೋತದ ಪರಿಮಳ ಬರುತ್ತದಲ್ಲ, ಎಸೆನ್ಸ್ ಹಾಕುತ್ತಾರೆಯೇ?

ಉತ್ತರ: ಇಲ್ಲ. ಹಾಕಿದರೆ ಯುರೋಪಿನ ಕಾನೂನಿನ ಪ್ರಕಾರ ಅದನ್ನು ಬರಿಯ ವೈನ್ ಎಂದು ಮಾರುವಂತೆಯೇ ಇಲ್ಲ. ಪರಿಮಳ ದ್ರಾಕ್ಷಿಯದ್ದೇ, ಆದರೆ ರಸದಲ್ಲಿ ಅದು ವಾಸನೆಯಿಲ್ಲದ ರೂಪದಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ಹುದುಗುವಾಗ ಯೀಸ್ಟ್ ಬಂದು ಬಿಡಿಸುತ್ತದೆ. ಥಯಾಲ್ ಎಂಬ ಈ ಗಂಧಕಯುಕ್ತ ಪದಾರ್ಥಗಳನ್ನು ಸೊವಿನ್ಯಾನಿನಲ್ಲಿ ಗುರುತಿಸಿದ್ದು ಬೋರ್ಡೊ ವಿಶ್ವವಿದ್ಯಾಲಯದ ಡೆನಿ ದುಬುರ್ಡ್ಯೂ ಮತ್ತು ಅವರೊಡನಿದ್ದ ಜಪಾನಿನ ತಕಾತೋಶಿ ತೊಮಿನಾಗ, 1990ರ ದಶಕದಲ್ಲಿ. ಒಂದು ಲೀಟರಿನಲ್ಲಿ ಗ್ರಾಮಿನ ಕೋಟ್ಯಂತರ ಭಾಗದಲ್ಲೊಂದರಷ್ಟಿದ್ದರೂ ಮೂಗಿಗೆ ಗೊತ್ತಾಗುತ್ತದೆ.

ಥಯಾಲಿಗೆ ಗಾಳಿ ಶತ್ರು, ತಾಮ್ರವೂ ಶತ್ರು. ತಾಮ್ರವಿರುವ ಮೈಲುತುತ್ತ, ಸುಣ್ಣ ಬೆರೆಸಿ ಬಳ್ಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣ ಇದೇ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. 1885ರಲ್ಲಿ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಅದನ್ನು ಜಗತ್ತಿಗೆ ತಿಳಿಸಿದರು. ಬಳ್ಳಿಯನ್ನು ಕಾಯುವ ಆ ತಾಮ್ರ ಹಣ್ಣಿನ ಮೇಲೆ ಉಳಿದರೆ ಥಯಾಲನ್ನು ಕಟ್ಟಿಹಾಕುತ್ತದೆ. ಹಾಗಾಗಿ ಎಚ್ಚರವುಳ್ಳವರು ಕೊಯ್ಲು ಹತ್ತಿರವಾದಂತೆ ಅದರಲ್ಲಿ ಕೈ ಬಿಗಿಹಿಡಿಯುತ್ತಾರೆ.

ಪ್ರಶ್ನೆ: ಡ್ರೈ ಎಂದರೆ ಹುಳಿ ಎಂದೇ?

ಉತ್ತರ: ಡ್ರೈ ಎಂದರೆ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ ಎಂದಷ್ಟೇ, ಲೀಟರಿಗೆ 4 ಗ್ರಾಂ ಒಳಗಿದ್ದರೆ ಯುರೋಪಿನಲ್ಲಿ ಡ್ರೈ. ಹುಳಿಯ ಲೆಕ್ಕ ಬೇರೆ. ಸೆಮಿಯೋನ್ ಹೆಚ್ಚಿರುವುದನ್ನು ಕುಡಿದು ನೋಡಿ, ಡ್ರೈ ಆಗಿದ್ದರೂ ಮೃದುವಾಗಿರುತ್ತದೆ.

ಪ್ರಶ್ನೆ: ಜೊತೆಗೆ ಏನು ತಿನ್ನಬೇಕು? ಎಷ್ಟು ತಂಪಿರಬೇಕು?

ಉತ್ತರ: ಮೊದಲು ಯಾವ ಬಗೆಯದೆಂದು ನೋಡಿಕೊಳ್ಳಿ. ಚೀಟಿಯಲ್ಲಿ ಆಂತ್ರ-ದೂ-ಮೇರ್ ಎಂದಿದ್ದರೆ ಸಾಮಾನ್ಯವಾಗಿ ಓಕ್ ಇಲ್ಲದ ಹಗುರ ವೈನ್. ಗರೋನ್, ದೋರ್ದೋನ್ ನದಿಗಳ ನಡುವಣ ಸೀಮೆಯದು. 8–10 ಡಿಗ್ರಿಗೆ ತಣಿಸಿ. ಅಲ್ಲಿಯವರು ಇದನ್ನು ಆರ್ಕಶೋನ್ ಕೊಲ್ಲಿಯ ಹಸಿ ಸಿಂಪಿಯ ಜೊತೆ ಕುಡಿಯುತ್ತಾರೆ. ಪಕ್ಕದಲ್ಲಿ ಬಿಸಿಬಿಸಿ ಚಿಕ್ಕ ಸಾಸೇಜ್ ಇಡುವ ರೂಢಿಯೂ ಇದೆ, ತಣ್ಣನೆಯ ಸಿಂಪಿ ಒಂದು, ಬಿಸಿ ತುತ್ತು ಒಂದು. ಉಪ್ಪು ವೈನಿನ ಹುಳಿಯನ್ನು ತಗ್ಗಿಸುತ್ತದೆ, ಹುಳಿ ಬಾಯಿಯ ಜಿಡ್ಡನ್ನು ತೊಳೆಯುತ್ತದೆ. ಇದಕ್ಕಿಂತ ಸರಿಯಾದ ಜೋಡಿ ನನಗೆ ಗೊತ್ತಿಲ್ಲ. ಎಳೆಯ ಮೇಕೆ ಚೀಸ್, ಶತಾವರಿ ಕುಡಿ, ಬೇಯಿಸಿದ ಮೀನು ಕೂಡ ಒಪ್ಪುತ್ತವೆ.

ಪೆಸಾಕ್-ಲೆಯೊನ್ಯಾನ್ ಎಂದಿದ್ದರೆ ಅದು ಬಹುಮಟ್ಟಿಗೆ ಪೀಪಾಯಿಯಲ್ಲಿ ಹುದುಗಿದ ಗಟ್ಟಿ ವೈನ್. ಗ್ರಾವ್‌ನ ಉತ್ತರದ ನೊರಜುಗಲ್ಲಿನ ಈ ನೆಲಕ್ಕೆ 1987ರಲ್ಲಿ ಪ್ರತ್ಯೇಕ ಹೆಸರು ಸಿಕ್ಕಿತು. ಇದನ್ನು 12 ಡಿಗ್ರಿಯ ಹತ್ತಿರ ಕೊಡಿ, ತೀರಾ ತಣ್ಣಗಾದರೆ ಬಾಯಿ ಬಿಡುವುದಿಲ್ಲ. ಬೆಣ್ಣೆಯ ಸಾರದಲ್ಲಿ ಬೆಂದ ಮೀನು, ಕೆನೆ ಹಾಕಿದ ಕೋಳಿ, ಅಣಬೆ ಇದಕ್ಕೆ ತಕ್ಕವು. ಎರಡಕ್ಕೂ ಸಿಹಿ ಸಾಸ್ ಬೇಡ. ಸಿಹಿಯ ಮುಂದೆ ಡ್ರೈ ವೈನ್ ಸಪ್ಪೆಯೂ ಕಟುವೂ ಆಗುತ್ತದೆ.

ಪ್ರಶ್ನೆ: ಇಟ್ಟರೆ ಕೆಡುತ್ತದೆಯೇ? ಬಾಟಲಿಯ ತಳದಲ್ಲಿ ಸಕ್ಕರೆಯಂಥ ಹರಳು ಕಾಣುತ್ತಿದೆ.

ಉತ್ತರ: ಹಗುರವಾದದ್ದನ್ನು ಎರಡು ಮೂರು ವರ್ಷದಲ್ಲಿ ಕುಡಿದುಬಿಡಿ. ಒಳ್ಳೆಯ ಪೆಸಾಕ್ ಹತ್ತು ವರ್ಷ ದಾಟಿಯೂ ಬಾಳುತ್ತದೆ. ಆಗ ಸೆಮಿಯೋನಿನ ಜೇನು, ಸುಟ್ಟ ರೊಟ್ಟಿಯ ವಾಸನೆ ಮೇಲೇಳುತ್ತದೆ. ಹರಳು ಸಕ್ಕರೆಯಲ್ಲ, ಗಾಜಿನ ಚೂರೂ ಅಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ ತಂಪಿಗೆ ಹರಳುಗಟ್ಟಿದ್ದು. ಬಾಟಲಿಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ಬಗ್ಗಿಸಿಕೊಳ್ಳಿ.