ಮುಚ್ಚಿಹೋದ ಲಾಸ್ ವೇಗಸ್ ಕ್ಯಾಸಿನೊದ ಚಿಪ್‌ಗೆ ಈಗ ಹಣ ಸಿಗುತ್ತದಾ?

ಅಮೆರಿಕದಿಂದ ಭಾವ ತಂದುಕೊಟ್ಟ ನಾಲ್ಕು ಚಿಪ್ (ಜೂಜಿನ ಮೇಜಿನಲ್ಲಿ ಹಣದ ಬದಲು ಬಳಸುವ ಬಿಲ್ಲೆ) ಇವೆ, ಆ ಕ್ಯಾಸಿನೊ ಈಗಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಮುಖಬೆಲೆಯ ಆಸೆ ಬಿಡಿ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಮದ ಪ್ರಕಾರ, ಚಿಪ್ ನಿಲ್ಲಿಸುವ ಕ್ಯಾಸಿನೊ ಸಾಮಾನ್ಯವಾಗಿ ಕನಿಷ್ಠ 120 ದಿನ ಅದಕ್ಕೆ ಹಣ ಕೊಡಬೇಕು. ಗಡುವು ಮುಗಿದರೆ ಅದು ಬರೀ ಬಿಲ್ಲೆ. ನಡೆಯುತ್ತಿರುವ ಕ್ಯಾಸಿನೊದಲ್ಲೂ ಹೀಗಾಗುತ್ತದೆ: 2010ರ ಡಿಸೆಂಬರ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡು ಬಂದವನೊಬ್ಬ ಅಲ್ಲಿನ ಬೆಲಾಜಿಯೊ ಕ್ಯಾಸಿನೊದಿಂದ ಸುಮಾರು 15 ಲಕ್ಷ ಡಾಲರ್ ಮೌಲ್ಯದ ಚಿಪ್ ದೋಚಿದ. ಕ್ಯಾಸಿನೊದವರು 25,000 ಡಾಲರ್‌ನ ಚಿಪ್ಪನ್ನೇ ರದ್ದು ಮಾಡಿ, 2011ರ ಏಪ್ರಿಲ್ 22ರ ಗಡುವು ಹಾಕಿದರು.

ವಾಪಸ್ ಬಂದ ಚಿಪ್‌ಗಳನ್ನು ಈಗ ಯಂತ್ರಕ್ಕೆ ಹಾಕಿ ಪುಡಿ ಮಾಡಿಸುತ್ತಾರೆ. ಹಿಂದೆ ಹೊಸ ಕಟ್ಟಡದ ಪಾಯಕ್ಕೆ ಕಾಂಕ್ರೀಟ್ ಜೊತೆ ಸುರಿಯುವುದೂ ಇತ್ತು. ಆ ಕಾಂಕ್ರೀಟ್ ಒಡೆದಾಗ ಸಿಕ್ಕವು ಸಂಗ್ರಾಹಕರ ಕೈಗೂ ಬಂದಿವೆ. ಅಂಚಿನ ಅಚ್ಚಿನ ಸಂದಿಯಲ್ಲಿ ಬೂದುಬಣ್ಣದ ಸಿಮೆಂಟ್ ಕೂತಿದ್ದರೆ ಅನುಮಾನಿಸಿ, ಬೆಲೆ ಇಳಿಸಿ. ನಡುವೆ ತೂತು ಕೊರೆದದ್ದು ರದ್ದು ಮಾಡಿದ್ದರ ಗುರುತು.

ಹಾಗಾಗಿ ಸಂಗ್ರಾಹಕರು ಕೊಡುವ ಬೆಲೆ ನಿಂತಿರುವುದು ಎಷ್ಟು ಹಳೆಯದು ಅನ್ನುವುದರ ಮೇಲಲ್ಲ, ಪುಡಿಯಾಗದೆ ಎಷ್ಟು ಉಳಿದವು ಅನ್ನುವುದರ ಮೇಲೆ. 1 ಡಾಲರ್, 5 ಡಾಲರ್ ಚಿಪ್ಪನ್ನು ಜನ ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ಅವು ಹೆಚ್ಚು ಸಿಗುತ್ತವೆ. 100 ಡಾಲರ್‌ನದನ್ನು ಯಾರು ಬಿಡುತ್ತಾರೆ? ಅದು ಕೌಂಟರಿಗೆ ವಾಪಸ್ ಹೋಗಿ ಹಿಟ್ಟಾಯಿತು. 1996ರಲ್ಲಿ ಮುಚ್ಚಿದ ಸ್ಯಾಂಡ್ಸ್‌ನಂಥ ಹೆಸರಾದ ಜಾಗದ್ದಾದರೂ ಮೊದಲು ನೋಡಬೇಕಾದ್ದು ಮುಖಬೆಲೆ, ಸ್ಥಿತಿ.

ನಕಲಿ ಹಿಡಿಯಲು ಮೊದಲು ಉಗುರು ಆಡಿಸಿ ನೋಡಿ. ಅಸಲಿ ಜೇಡಿ-ಮಿಶ್ರಣದ ಚಿಪ್‌ನಲ್ಲಿ ನಡುವಿನ ಮುದ್ರಿತ ಬಿಲ್ಲೆಯನ್ನು ಶಾಖ ಕೊಟ್ಟು ಒಳಗೇ ಒತ್ತಿರುತ್ತಾರೆ, ಉಗುರು ಜಾರಿ ಹೋಗುತ್ತದೆ. ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಉಗುರು ತಡೆಯುತ್ತದೆ. ಅಂಚಿನ ಬಣ್ಣದ ಪಟ್ಟಿ ಮೇಲಿನ ಮುಖದಿಂದ ಬದಿಗೆ ಮುರಿಯದೆ ಇಳಿದಿದೆಯೇ ನೋಡಿ. ಚಿಪ್ ತಯಾರಿಸುವ ಪಾಲ್‌ಸನ್ ಕಂಪನಿಯ ಟೋಪಿ-ಊರುಗೋಲಿನ ಅಚ್ಚು ಇದೆ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ. ಅದೇ ಅಚ್ಚಿನ ಚಿಪ್‌ಗಳು ಮನೆಯಲ್ಲಿ ಆಡುವವರಿಗೂ ಮಾರಾಟವಾಗಿವೆ, ಅವುಗಳ ಮೇಲೆ ಹಳೆ ಕ್ಯಾಸಿನೊ ಹೆಸರು ಹಾಕಿ ಮಾರುವವರಿದ್ದಾರೆ.

ತೊಳೆಯುವ ಉಮೇದಿನಲ್ಲೇ ಹಾಳು ಮಾಡುವವರು ಜಾಸ್ತಿ. ಉಗುರುಬೆಚ್ಚನೆ ನೀರು, ಒಂದು ತೊಟ್ಟು ಸೋಪು, ಮೆತ್ತನೆ ಬ್ರಷ್, ಅಷ್ಟೇ. ನೆನೆಹಾಕಬೇಡಿ. ಬಿಸಿನೀರಿಗೆ ಚಿಪ್ ಬಾಗುತ್ತದೆ. ಅಸಿಟೋನ್, ಅಂದರೆ ನೇಲ್ ಪಾಲಿಶ್ ತೆಗೆಯುವ ದ್ರವ, ಮುದ್ರಣವನ್ನೂ ತಿನ್ನುತ್ತದೆ. ಬಿಸಿಯಚ್ಚಿನ ಚಿನ್ನದ ಅಕ್ಷರ ಇರುವ ಹಳೆಯದಾದರೆ ಬ್ರಷ್ಷೂ ಬೇಡ, ಒಣ ಹತ್ತಿಬಟ್ಟೆ ಸಾಕು. ಎಣ್ಣೆ ಸವರಿದರೆ ಬಣ್ಣ ಮಿಂಚುತ್ತದೆ, ಆದರೆ ಸವೆತ ಮುಚ್ಚಿದ್ದೀರೆಂದು ಕೊಳ್ಳುವವರು ಶಂಕಿಸುತ್ತಾರೆ.

ಇಡಲು ಪಿವಿಸಿ ಪೌಚ್ ಬೇಡ, ಕಾಲ ಕಳೆದಂತೆ ಅಂಟಂಟಾಗುತ್ತದೆ. ಸಾಮಾನ್ಯ ಚಿಪ್‌ಗೆ 39 ಮಿ.ಮೀ. ಅಳತೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಸರಿಹೋಗುತ್ತದೆ. ಮಾರುವುದಾದರೆ ಇಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದವುಗಳ ಫಿಲ್ಟರ್ ಹಾಕಿ. ಎರಡೂ ಮುಖ ಮತ್ತು ಅಂಚು, ಮೂರರ ಫೋಟೊ ಇಲ್ಲಿ ಹಾಕಿದರೆ ಅಚ್ಚು ಯಾವುದೆಂದು ಹೇಳುತ್ತೇನೆ.